ಸಿವಿಟಿ ಇರುವಾಗ ಎಂಟು ಗೇರು ಯಾಕೆ?

ಸಿವಿಟಿಯಲ್ಲಿ (ಮೆಟ್ಟಿಲಿನಂಥ ಗೇರುಗಳಿಲ್ಲದೆ ಅನುಪಾತವನ್ನು ಸರಾಗವಾಗಿ ಬದಲಿಸುತ್ತಾ ಹೋಗುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಎಂಜಿನ್ ಯಾವಾಗಲೂ ಇಂಧನ ಉಳಿಸುವ ಹದವಾದ ಆರ್‌ಪಿಎಂನಲ್ಲೇ ಓಡುತ್ತದಲ್ವಾ, ಮತ್ತೆ ಎಂಟು ಗೇರಿನ ಆಟೋಮ್ಯಾಟಿಕ್ ಯಾಕೆ ಅಂತ ಕೇಳಿದ್ದೀರಿ. ಲೆಕ್ಕ ಸರಿ. ತೊಂದರೆ ಇರುವುದು ಬೆಲ್ಟಿನಲ್ಲಿ.

ಸಿವಿಟಿಯೊಳಗೆ ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟು. ಗೇರಿನ ಹಾಗೆ ಹಲ್ಲಿಗೆ ಹಲ್ಲು ಕೂರುವುದಿಲ್ಲ, ಬರೀ ಹಿಡಿತದ ಮೇಲೆ ಬಲ ದಾಟಬೇಕು. ಬೆಲ್ಟು ಜಾರದಂತೆ ಪುಲ್ಲಿಗಳನ್ನು ಎಣ್ಣೆಯ ಒತ್ತಡದಿಂದ ಸದಾ ಅದುಮಿ ಹಿಡಿಯಬೇಕು. ಆ ಒತ್ತಡ ಕೊಡುವ ಪಂಪು ಎಂಜಿನ್ನಿನ ಶಕ್ತಿಯನ್ನೇ ತಿನ್ನುತ್ತದೆ. ಉಳಿಸಿದ ಇಂಧನದಲ್ಲಿ ಒಂದು ಪಾಲು ಅಲ್ಲೇ ಖರ್ಚು! ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಜಾಸ್ತಿಯಾದಷ್ಟೂ ಇನ್ನೂ ಗಟ್ಟಿಯಾಗಿ ಅದುಮಬೇಕು. ಜಾರಿದರೆ ಪುಲ್ಲಿಯ ನುಣುಪು ಮೈಗೆ ಗೀರು ಬೀಳುತ್ತದೆ. ಅದಕ್ಕೇ ಭಾರ ಎಳೆಯುವ ಪಿಕಪ್‌ಗಳಲ್ಲಿ ಬೆಲ್ಟಿನ ಸಿವಿಟಿ ಕಾಣುವುದು ಅಪರೂಪ.

ಇತ್ತ ಗೇರುಗಳು ಹೆಚ್ಚಾದಂತೆ ಸಿವಿಟಿಯ ಲಾಭವೂ ಕರಗಿತು. 2009ರಲ್ಲಿ ಬಂದ, ಜರ್ಮನಿಯ ಗೇರ್‌ಬಾಕ್ಸ್ ಕಂಪನಿ ಝಡ್‌ಎಫ್‌ನ 8 ಗೇರಿನ ಆಟೋಮ್ಯಾಟಿಕ್‌ನಲ್ಲಿ ಮೊದಲ ಗೇರಿನ ಅನುಪಾತ ಕೊನೆಯದರ ಸುಮಾರು 7 ಪಟ್ಟು. ಅಷ್ಟು ಅಗಲದ ವ್ಯಾಪ್ತಿಯಲ್ಲೂ ಒಂದು ಗೇರಿನಿಂದ ಇನ್ನೊಂದಕ್ಕೆ ಇರುವ ಮೆಟ್ಟಿಲುಗಳು ಚಿಕ್ಕವು, ಹಾಗಾಗಿ ಎಂಜಿನ್ ಹದ ಬಿಟ್ಟು ದೂರ ಹೋಗುವುದೇ ಇಲ್ಲ.

ಇನ್ನು ಸದ್ದು. ಸಿವಿಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಂಜಿನ್ ಒಂದೇ ಸಮ ಕಿರುಚುತ್ತದೆ, ವೇಗ ಆಮೇಲೆ ನಿಧಾನಕ್ಕೆ ಏರುತ್ತದೆ. ಅದನ್ನು ಮುಚ್ಚಲು ಸುಮ್ನೆ ಸುಳ್ಳು ಗೇರುಗಳನ್ನು ಸಾಫ್ಟ್‌ವೇರಿನಲ್ಲಿ ತುಂಬುತ್ತಾರೆ, ನನಗಂತೂ ನಗು ಬರುತ್ತದೆ. ಟೊಯೋಟಾ 2018ರಲ್ಲಿ ತನ್ನ ಸಿವಿಟಿಗೆ ಹೊರಡುವಾಗ ಬಳಸಲು ಒಂದು ನಿಜವಾದ ಗೇರನ್ನೇ ಸೇರಿಸಿತು.