ಶಿಂಷಾ ಮಡುವಿನಲ್ಲಿ ಮಕ್ಕಳನ್ನು ಈಜಿಸಬಹುದೇ?

ಪ್ರಶ್ನೆ: ನಮ್ಮದು ಕುಣಿಗಲ್ ತಾಲ್ಲೂಕು. ಮಾರ್ಕೋನಹಳ್ಳಿ ಜಲಾಶಯದ ಕೆಳಗೆ, ಶಿಂಷಾ ನದಿಯ ಮಡುವಿನಲ್ಲಿ ಈಗ ಒಳ್ಳೆಯ ನೀರಿದೆ. ರಜೆಗೆ ಬಂದಿರುವ ಮಕ್ಕಳನ್ನು ಈಜಲು ಕರೆದೊಯ್ಯಬಹುದೇ? ದೊಡ್ಡವರಿಗೆಲ್ಲ ಬಾವಿಯಲ್ಲಿ ಈಜಿ ಅಭ್ಯಾಸವಿದೆ.

ಉತ್ತರ: ಜಲಾಶಯ ತುಂಬುವ ಹಂತದಲ್ಲಿದ್ದರೆ ಖಂಡಿತ ಬೇಡ. ಮಾರ್ಕೋನಹಳ್ಳಿಯಲ್ಲಿ ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ಯಾರೂ ಗೇಟು ಎತ್ತದೆಯೇ, ತಾನಾಗಿಯೇ ಹೊರಬೀಳುವ ಸೈಫನ್ ವ್ಯವಸ್ಥೆಯಿದೆ. ಹೀಗಾಗಿ ನಿಮ್ಮಲ್ಲಿ ಬಿಸಿಲು ಕಾಯುತ್ತಿದ್ದರೂ ಮೇಲೆ ದೇವರಾಯನದುರ್ಗದ ಕಡೆ ಸುರಿದ ಮಳೆಯ ನೀರು ಮೊಣಕಾಲುದ್ದದ ಹರಿವನ್ನು ಸ್ವಲ್ಪ ಹೊತ್ತಿನಲ್ಲೇ ಸೆಳವಾಗಿಸಬಲ್ಲದು. ನೀರು ಕೆಂಪಗಾಗತೊಡಗಿದರೆ, ಕಸಕಡ್ಡಿ ತೇಲಿಬಂದರೆ, ಬಟ್ಟೆಬರೆಯ ಚಿಂತೆ ಬಿಟ್ಟು ದಡ ಹತ್ತಬೇಕು.

ಜಲಾಶಯದಲ್ಲಿ ನೀರು ಕಡಿಮೆಯಿದ್ದು ಮಳೆಯೂ ಇಲ್ಲದಿದ್ದರೆ ನೋಡಬೇಕಾದದ್ದು ಮಡುವಿನ ತಳವನ್ನು. ಬಾವಿಯ ಆಳ ಬದಲಾಗುವುದಿಲ್ಲ, ಹೊಳೆಯದು ಪ್ರತಿ ಮಳೆಗೂ ಬದಲಾಗುತ್ತದೆ. ಮರಳು ತೆಗೆದ ಕಡೆಯಂತೂ ಸೊಂಟದುದ್ದದ ನೀರಿನಲ್ಲಿ ನಿಂತವನ ಮುಂದಿನ ಹೆಜ್ಜೆಗೇ ಆಳುದ್ದದ ಗುಂಡಿಯಿರಬಹುದು. ಅದರ ಅಂಚಿನ ಮರಳು ಕಾಲಡಿಯಲ್ಲೇ ಜಾರುವುದರಿಂದ ಹಿಂದೆ ಸರಿಯಲೂ ಆಗುವುದಿಲ್ಲ. ಆದ್ದರಿಂದ ಈಜು ಬಲ್ಲ ಹಿರಿಯರೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ದಡದವರ ಕೈಗೆ ಕೊಟ್ಟು, ಉದ್ದನೆಯ ಬಿದಿರುಗಳದಿಂದ ತಳವನ್ನು ತಡವುತ್ತ ಮೊದಲು ಇಳಿಯಲಿ. ಹೋದ ವರ್ಷ ಈಜಿದ ಜಾಗವೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಬಂಡೆಯಿಂದ ಧುಮುಕುವುದು ಯಾರಿಗೂ ಬೇಡ.

ಮಕ್ಕಳು ಲೈಫ್ ಜಾಕೆಟ್ ತೊಟ್ಟು, ದೊಡ್ಡವರ ಕೈಗೆಟಕುವಷ್ಟು ಹತ್ತಿರದಲ್ಲೇ ಇರಬೇಕು. ಗಾಳಿ ತುಂಬಿದ ಟ್ಯೂಬು ಅದಕ್ಕೆ ಬದಲಿಯಲ್ಲ, ಕೈ ಜಾರಿದರೆ ಅದೊಂದೇ ತೇಲಿಹೋಗುತ್ತದೆ. ಮೊಬೈಲ್ ನೋಡುತ್ತ ಕೂತವರನ್ನು ಕಾವಲಿನವರೆಂದು ಲೆಕ್ಕ ಹಾಕಬೇಡಿ.

ಯಾರಾದರೂ ಮುಳುಗುತ್ತಿದ್ದರೆ ಹಾರಿ ಹಿಡಿಯಲು ಹೋಗದಿರಿ. ಭಯದಲ್ಲಿರುವವರು ಕತ್ತು ತಬ್ಬುತ್ತಾರೆ, ಇಬ್ಬರೂ ಹೋಗುತ್ತಾರೆ. ಹಗ್ಗ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಏನಿದೆಯೋ ಅದನ್ನು ಎಸೆಯಿರಿ. ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಮೇಲಕ್ಕೆ ತಂದವರಿಗೆ ಉಸಿರಾಟವಿಲ್ಲದಿದ್ದರೆ ನಮ್ಮ ಕಡೆ ಮಾಡುವಂತೆ ಹೊಟ್ಟೆ ಒತ್ತಿ ನೀರು ಕಕ್ಕಿಸುತ್ತ ಹೊತ್ತು ಕಳೆಯದೆ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಬಳಿಕ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರೂದುವುದನ್ನು ನೆರವು ಬರುವವರೆಗೂ ಮುಂದುವರಿಸಬೇಕು. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ಶ್ವಾಸಕೋಶಕ್ಕೆ ನೀರು ಹೊಕ್ಕ ತೊಂದರೆ ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದು.