ರಹೀಂ ಸಾಹೇಬರ ಎಡಗಾಲಿನ ಪಾಠ

"ಫರ್ಗ್ಯುಸನ್, ಗಾರ್ಡಿಯೋಲಾ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಮ್ಮ ದೇಶದಲ್ಲಿ ಆ ಮಟ್ಟದ ಫುಟ್‌ಬಾಲ್ ಕೋಚ್ ಒಬ್ಬರಾದರೂ ಇದ್ದರಾ?" ಅಂತ ಕೇಳಿದ್ದೀರಿ.

ಇದ್ದರು. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ. ಆಟಗಾರರ ಬಾಯಲ್ಲಿ ರಹೀಂ ಸಾಹೇಬ್. ಮೂಲತಃ ಶಾಲಾ ಮೇಷ್ಟ್ರು. ಅವರ ಗುಟ್ಟೆಲ್ಲ ಅಲ್ಲೇ ಇದೆ ಅನ್ನೋದು ನನ್ನ ಲೆಕ್ಕ.

ಹೈದರಾಬಾದಿನಲ್ಲಿ ಅವರು ವಿಚಿತ್ರ ಟೂರ್ನಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಪಳಗದ ಕಾಲಿನಿಂದಲೇ ಆಡಬೇಕು. ಬಲಗಾಲಿನವನಾದರೆ ಎಡಗಾಲು. ಇನ್ನೊಂದರಲ್ಲಿ ಡ್ರಿಬಲ್ ಮಾಡುವಂತೆಯೇ ಇಲ್ಲ. ಚೆಂಡು ಬಂತಾ, ಪಾಸ್ ಕೊಡು, ಅಷ್ಟೇ. ಒಬ್ಬನೇ ನಾಲ್ಕು ಜನರನ್ನು ದಾಟಿ ಚಪ್ಪಾಳೆ ಗಿಟ್ಟಿಸುವ ಚಪಲ ನಮ್ಮಲ್ಲಿ ಜಾಸ್ತಿ. (ಗಲ್ಲಿ ಮ್ಯಾಚುಗಳಲ್ಲಿ ಈಗಲೂ ಅದೇ ಅಲ್ವಾ?) ಅದಕ್ಕೆ ಬೈಯುತ್ತಾ ಕೂರುವ ಬದಲು ನಿಯಮವನ್ನೇ ಬದಲಿಸಿದರು. ಪಕ್ಕಾ ಮೇಷ್ಟ್ರ ಬುದ್ಧಿ. ಅವರು ಕಟ್ಟಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈಯ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಗೆದ್ದಿತು.

ಸೋಲೂ ಸಣ್ಣದೇನಲ್ಲ. ರಹೀಂ ಕೋಚ್ ಆಗಿದ್ದಾಗ 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ, ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ಎದುರು 10-1ರಿಂದ ಸೋತಿತು. ಆ ಒಂದು ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಆ ಚಳಿಯಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್‌ನಲ್ಲಿ, ಅದೇ ಕೋಚ್‌ನ ತಂಡ ಸೆಮಿಫೈನಲ್ ಮುಟ್ಟಿತು. ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದ ಪಂದ್ಯದಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಕೊನೆಗೆ ನಾಲ್ಕನೇ ಸ್ಥಾನ.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ಸಾಹೇಬರಿಗೆ ಕ್ಯಾನ್ಸರ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಆಮೇಲೆ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿತ್ತು. ಹೊಲಿಗೆ ಹಾಕಿದ ತಲೆಯಲ್ಲಿ ಹಿಂದೆ ನಿಂತು ಕಾಯುವುದು ಕಷ್ಟ. ಬೇರೆ ಕೋಚ್ ಆಗಿದ್ದರೆ ಬೆಂಚಿನ ಮೇಲೆ ಕೂರಿಸುತ್ತಿದ್ದರೋ ಏನೋ. ರಹೀಂ ಮಾತ್ರ ಜರ್ನೈಲ್ ಅವರನ್ನು ಮುಂದಕ್ಕೆ ಕಳಿಸಿ, ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲಿ ಗೋಲು, ಫೈನಲ್‌ನಲ್ಲಿ ಮತ್ತೊಂದು! ಫೈನಲ್‌ನಲ್ಲಿ ಎದುರಿಗೆ ಅದೇ ಕೊರಿಯಾ. ಮೊದಲ ಗೋಲು ಪಿ.ಕೆ. ಬ್ಯಾನರ್ಜಿ ಅವರದು. ಭಾರತದ ಮೇಲೆ ಸಿಟ್ಟಾಗಿದ್ದ ಇಂಡೋನೇಷ್ಯಾದ ಜನ ಮ್ಯಾಚ್ ಪೂರ್ತಿ ಕೂಗುತ್ತಲೇ ಇದ್ದರು. ಆದರೂ 2-1. ಅದಾದ ಮೇಲೆ ಇವತ್ತಿನವರೆಗೂ ಭಾರತ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಇನ್ನೊಂದು ಚಿನ್ನ ಗೆದ್ದಿಲ್ಲ.

1963ರ ಜೂನ್‌ನಲ್ಲಿ ರಹೀಂ ತೀರಿಕೊಂಡರು. 53 ವರ್ಷ. ಮಗ ಎಸ್.ಎಸ್. ಹಕೀಂ 1960ರ ಒಲಿಂಪಿಕ್ಸ್ ತಂಡದಲ್ಲಿದ್ದವರು, ಆಮೇಲೆ ಫಿಫಾ ರೆಫ್ರಿ ಆದರು. 2021ರಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.

2024ರಲ್ಲಿ ರಹೀಂ ಮೇಲೆ ಹಿಂದಿ ಸಿನಿಮಾ ಬಂದ ಮೇಲೆ ಜನಕ್ಕೆ ಜಕಾರ್ತಾ ಗೊತ್ತಾಯಿತು. ನನಗೆ ಮಾತ್ರ ಆ ಎಡಗಾಲಿನ ಟೂರ್ನಿಯೇ ದೊಡ್ಡದು. ನಿಮ್ಮ ಮನೆಯಲ್ಲಿ ಫುಟ್‌ಬಾಲ್ ಹುಚ್ಚಿನ ಮಕ್ಕಳಿದ್ದರೆ ಸುಮ್ನೆ ಒಂದು ಭಾನುವಾರ ಹಾಗೆ ಆಡಿಸಿ ನೋಡಿ. ನನ್ನ ಮಗ ಹತ್ತು ನಿಮಿಷಕ್ಕೇ ಜಗಳ ತೆಗೆದು ಒಳಗೆ ಹೋದ.