ದೀಪ ಉರಿಯುತ್ತಿದೆ, ಯುವಿಬಿ ಬರುತ್ತಿದೆಯೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸಾಕು ಸರೀಸೃಪಗಳು

ಪ್ರಶ್ನೆ: ನಮ್ಮಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಎಂಬ ಎರಡು ವರ್ಷದ ಹಲ್ಲಿ ಇದೆ. 12 ಪರ್ಸೆಂಟ್ ಯುವಿಬಿಯ (ಅತಿನೇರಳೆ ಅಂದರೆ ಯುವಿ ಕಿರಣಗಳಲ್ಲಿ ಗಿಡ್ಡ ತರಂಗದ ಬಗೆ) ಟಿ5 ಟ್ಯೂಬ್ ದೀಪ ಹಾಕಿದ್ದೇನೆ. ಯುವಿ ಮೀಟರ್ ಕೊಳ್ಳೋಣವೆಂದು ಹುಡುಕಿದರೆ 2,000 ರೂಪಾಯಿಯಿಂದ 25,000 ದಾಟಿದವರೆಗೂ ಇವೆ. ಸೋಲಾರ್‌ಮೀಟರ್ ಎಂಬ ಒಂದೇ ಹೆಸರಿನಲ್ಲಿ 6.2, 6.5, 6.5ಆರ್ ಎಂದು ಮೂರು. ಯಾವುದನ್ನು ತರಲಿ?
– ಓದುಗರು, ಬೆಂಗಳೂರು

ಉತ್ತರ: 6.5 ಅಥವಾ 6.5ಆರ್ ತನ್ನಿ. ಎರಡರ ಸೆನ್ಸರ್ ಒಂದೇ. ‘ಆರ್’ ಮಾದರಿಯ ಮೇಲೆ ಸರೀಸೃಪಗಳಿಗೆ ಬೇಕಾದ ಅಂಕಿಗಳನ್ನು ಅಚ್ಚು ಹಾಕಿದ್ದಾರೆ, ಅಷ್ಟೇ. ಯಾವುದು ಅಗ್ಗಕ್ಕೆ ಸಿಗುತ್ತದೋ ಅದನ್ನು ಕೊಳ್ಳಿ.

ಮೀಟರಿನ ಬೆಲೆಗಿಂತ ಅದರ ಸೆನ್ಸರ್ ಯಾವ ಕಿರಣವನ್ನು ಕಾಣುತ್ತದೆ ಎಂಬುದನ್ನು ಮೊದಲು ಕೇಳಬೇಕು. ಪ್ರಾಣಿಯ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದು ಸುಮಾರು 290ರಿಂದ 315 ನ್ಯಾನೊಮೀಟರ್ ಕಿರಣಗಳಿಂದ, ಅದರಲ್ಲೂ 297ರ ಆಸುಪಾಸಿನಲ್ಲಿ ಹೆಚ್ಚು. 6.5 ತೋರಿಸುವುದು ಯುವಿ ಸೂಚ್ಯಂಕವನ್ನು, ಅಂದರೆ ಹವಾಮಾನ ವರದಿಯಲ್ಲಿ ಬರುವ ಅದೇ ಅಂಕಿಯನ್ನು. ಅದರ ಸೆನ್ಸರ್ ಗಿಡ್ಡ ತರಂಗಗಳಿಗೆ ಹೆಚ್ಚು ತೂಕ ಕೊಡುತ್ತದೆ, ಉದ್ದನೆಯವನ್ನು ಬಹುತೇಕ ಬಿಟ್ಟುಬಿಡುತ್ತದೆ. ಹಾಗಾಗಿ ಬಿಸಿಲನ್ನೂ ದೀಪವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು. 6.2 ಹಾಗಲ್ಲ, ಅದು ಇಡೀ ಯುವಿಬಿಯನ್ನು ಒಟ್ಟಾಗಿ ಮೈಕ್ರೋವ್ಯಾಟ್ ಲೆಕ್ಕದಲ್ಲಿ ತೋರಿಸುತ್ತದೆ. ಎರಡು ಕಂಪನಿಯ ಬಲ್ಬುಗಳು ಅದರಲ್ಲಿ ಒಂದೇ ಅಂಕಿ ತೋರಿಸಿದರೂ ಒಂದು ಹಿತವಾಗಿ, ಇನ್ನೊಂದು ಕಣ್ಣು ಸುಡುವಷ್ಟು ಖಾರವಾಗಿ ಇರಬಹುದು. ಗೆಳೆಯರ ಬಳಿ ಆಗಲೇ 6.2 ಇದ್ದರೆ ಎಸೆಯಬೇಡಿ. ಒಂದೇ ಟ್ಯೂಬ್ ತಿಂಗಳಿಂದ ತಿಂಗಳಿಗೆ ಎಷ್ಟು ಸೊರಗಿತು ಎಂದು ನೋಡಲು ಅದು ಸಾಕು.

ಸೂಚ್ಯಂಕವನ್ನೇ ಹಿಡಿಯಲು ಇನ್ನೊಂದು ಕಾರಣವಿದೆ. ಸಂಶೋಧಕ ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು ಕಾಡಿನಲ್ಲಿ ಹಲ್ಲಿ, ಹಾವುಗಳು ತಾವಾಗಿಯೇ ಎಷ್ಟು ಯುವಿಬಿಗೆ ಮೈಯೊಡ್ಡುತ್ತವೆ ಎಂದು ಅಳೆದು 2010ರಲ್ಲಿ ಪ್ರಕಟಿಸಿದರು. ಎಷ್ಟು ಮೈಯೊಡ್ಡುತ್ತವೆ ಎಂಬುದರ ಮೇಲೆ ಪ್ರಾಣಿಗಳನ್ನು ಹಂಚಿ ಅವರು ಮಾಡಿದ ನಾಲ್ಕು ವಲಯಗಳೂ ಇದೇ ಸೂಚ್ಯಂಕದಲ್ಲಿವೆ. ನಿಮ್ಮ ಡ್ರ್ಯಾಗನ್ ಮೂರನೇ ವಲಯದ್ದು: ಸರಾಸರಿ 1.0ರಿಂದ 2.6, ಅತಿ ಹೆಚ್ಚೆಂದರೆ 2.9ರಿಂದ 7.4. ಮೈ ಕಾಯಿಸಿಕೊಳ್ಳುವ ಕಲ್ಲಿನ ಮೇಲೆ 3.5ರಿಂದ 5 ಇರಲಿ, ಟ್ಯಾಂಕಿನ ಇನ್ನೊಂದು ತುದಿಯ ನೆರಳಿನಲ್ಲಿ ಸೊನ್ನೆಗೆ ಇಳಿಯಲಿ. ಆ ಇಳಿಜಾರು ಇಲ್ಲದಿದ್ದರೆ ಪ್ರಾಣಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಬೆಲೆ ಹೊರದೇಶದಲ್ಲೇ 250 ಡಾಲರ್ ಆಸುಪಾಸು. ಸಾಗಣೆ, ಸುಂಕ ಬೇರೆ. ಮೀಟರ್ ತಿಂಗಳಿಗೆ ಹತ್ತು ನಿಮಿಷ ಬೇಕಾಗುವ ವಸ್ತು. ನಾಲ್ಕೈದು ಮನೆಯವರು ಸೇರಿ ಒಂದನ್ನು ತರಿಸಿಕೊಳ್ಳುವುದು ಜಾಣತನ.

ಪ್ರಶ್ನೆ: ನಾನು ಆಗಲೇ ಕಡಿಮೆ ಬೆಲೆಯ ಒಂದು ಮೀಟರ್ ಕೊಂಡಿದ್ದೇನೆ. ಅದರಲ್ಲೂ ‘ಯುವಿ ಸೂಚ್ಯಂಕ’ ಅಂತಲೇ ಇದೆ. ಬಿಸಿಲಿನಲ್ಲಿ ಹಿಡಿದರೆ ಫೋನಿನ ಹವಾಮಾನದ ಅಂಕಿಗೆ ಸರಿಹೊಂದುತ್ತದೆ. ದೀಪದ ಕೆಳಗೆ ಮಾತ್ರ 1 ದಾಟುವುದಿಲ್ಲ. ದೀಪವೇ ಕೆಟ್ಟಿದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ದೀಪವನ್ನು ಹತ್ತಿರ ತರುವ ಮೊದಲು ದಯವಿಟ್ಟು ಇದನ್ನು ಓದಿ. ಬಿಸಿಲಿನಲ್ಲಿ ಸರಿ ತೋರಿಸುವ ಮೀಟರ್ ದೀಪದ ಕೆಳಗೂ ಸರಿ ತೋರಿಸುತ್ತದೆ ಎನ್ನುವಂತಿಲ್ಲ. ಅಗ್ಗದ ಮೀಟರುಗಳ ಸೆನ್ಸರ್ ಹೆಚ್ಚಾಗಿ ನೋಡುವುದು 365 ನ್ಯಾನೊಮೀಟರ್ ಸುತ್ತಲಿನ ಯುವಿಎಯನ್ನು, ಅಂದರೆ ಉದ್ದ ತರಂಗದ ಯುವಿಯನ್ನು. ಬಿಸಿಲಿನ ಯುವಿಯಲ್ಲಿ ಬಹುಪಾಲು ಯುವಿಎಯೇ. ಯುವಿಬಿ ಸ್ವಲ್ಪ ಮಾತ್ರ. ಇಷ್ಟು ಯುವಿಎ ಇದ್ದರೆ ಸೂಚ್ಯಂಕ ಇಷ್ಟಿರಬೇಕು ಎಂದು ಮೀಟರ್ ಊಹಿಸಿ ಹೇಳುತ್ತದೆ. ಸರೀಸೃಪದ ಟ್ಯೂಬಿನಲ್ಲಿ ಆ ಪ್ರಮಾಣವೇ ಬೇರೆ, ಅಷ್ಟೇ ಯುವಿಬಿಗೆ ಬಿಸಿಲಿನಲ್ಲಿ ಇರುವುದಕ್ಕಿಂತ ಯುವಿಎ ತುಂಬಾ ಕಡಿಮೆ. ಊಹೆ ಅಲ್ಲಿ ಕೈಕೊಡುತ್ತದೆ, ನಿಜಕ್ಕೂ 4 ಇರುವಲ್ಲಿ ಅದು 1 ಅನ್ನಬಹುದು. ನೀವು ನಂಬಿ ಟ್ಯೂಬನ್ನು ಕೆಳಗಿಳಿಸಿದರೆ ಪ್ರಾಣಿ ಕಣ್ಣು ಕಿರಿದು ಮಾಡಿ, ಊಟ ಬಿಟ್ಟು ಮೂಲೆ ಸೇರುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮಧ್ಯಾಹ್ನ 12ರ ಹೊತ್ತಿಗೆ, ಮೋಡವಿಲ್ಲದಾಗ, ಸೆನ್ಸರನ್ನು ಸೂರ್ಯನ ಕಡೆಗೆ ಹಿಡಿದು ಅಂಕಿ ಬರೆದುಕೊಳ್ಳಿ. ಈಗ ಕಿಟಕಿಗೆ ಹಾಕುವ 4 ಮಿಲಿಮೀಟರ್ ಗಾಜಿನ ತುಂಡನ್ನು ಸೆನ್ಸರಿಗೆ ಅಡ್ಡ ಇಡಿ. ಮಾಮೂಲಿ ಗಾಜು ಯುವಿಬಿಯನ್ನು ಬಹುತೇಕ ಪೂರ್ತಿ ತಡೆಯುತ್ತದೆ, ಯುವಿಎಯನ್ನು ಸಾಕಷ್ಟು ಬಿಡುತ್ತದೆ. ಒಳ್ಳೆಯ ಮೀಟರ್ 10ರಿಂದ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಗಾಜಿನ ಹಿಂದೆಯೂ 5, 6 ಎಂದು ತೋರಿಸುತ್ತಿದ್ದರೆ ಅದು ಅಳೆಯುತ್ತಿರುವುದು ಯುವಿಎಯನ್ನು. ಯುವಿ ಬಿದ್ದರೆ ಬಣ್ಣ ಬದಲಿಸುವ ಕಾರ್ಡುಗಳಿಗೂ ಇದೇ ದೋಷ.

ಪ್ರಶ್ನೆ: 6.5ಆರ್ ಇದೆ. ಬೆಳಿಗ್ಗೆ 2.8, ಸಂಜೆ 4.1, ಕೈ ಅಲ್ಲಾಡಿದರೆ ಇನ್ನೊಂದು. ಯಾವುದನ್ನು ನಂಬಲಿ?
– ಓದುಗರು, ಮಂಗಳೂರು

ಉತ್ತರ: ದೀಪ ಹಾಕಿದ ಕೂಡಲೇ ಅಳೆದಿರಬೇಕು. ಟ್ಯೂಬ್ ಬಿಸಿಯೇರಿ ನಿಲ್ಲಲು ಅರ್ಧ ಗಂಟೆ ಕೊಡಿ. ಫ್ಯಾನ್ ಅಥವಾ ಎಸಿ ಗಾಳಿ ನೇರವಾಗಿ ಬಡಿಯುತ್ತಿದ್ದರೂ ಅಂಕಿ ಬದಲಾಗುತ್ತದೆ. ಆಮೇಲೆ ಪ್ರಾಣಿಯನ್ನು ಹೊರಗಿಟ್ಟು, ನೀವು ಕನ್ನಡಕ ಹಾಕಿಕೊಂಡು, ಮೀಟರನ್ನು ಅದರ ಬೆನ್ನಿನ ಎತ್ತರಕ್ಕೆ ಹಿಡಿಯಿರಿ. ಕಲ್ಲಿನ ಮೇಲಲ್ಲ, ಬೆನ್ನಿನ ಎತ್ತರಕ್ಕೆ: ದೊಡ್ಡ ಡ್ರ್ಯಾಗನ್ ಕುಳಿತರೆ ಕಲ್ಲಿಗಿಂತ 4, 5 ಸೆಂಟಿಮೀಟರ್ ಮೇಲೆ ಅದರ ಬೆನ್ನಿರುತ್ತದೆ. ಟ್ಯಾಂಕಿನ ಮೇಲ್ಜಾಲರಿ ಇದ್ದಲ್ಲೇ ಇರಲಿ. ಸಣ್ಣ ಕಣ್ಣಿನ ಜಾಲರಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ನುಂಗುತ್ತದೆ. ಸೆನ್ಸರಿನ ಮುಖ ನೆಟ್ಟಗೆ ಟ್ಯೂಬಿನ ಕಡೆಗಿರಲಿ. ಓರೆಯಾದರೆ ಅಂಕಿ ಇಳಿಯುತ್ತದೆ, ಕೈ ಅಲ್ಲಾಡಿದಾಗ ಆದದ್ದು ಅದೇ. ಕಲ್ಲಿನಿಂದ ಶುರುಮಾಡಿ 5 ಸೆಂಟಿಮೀಟರಿಗೊಮ್ಮೆ ಅಳೆದು, ಟ್ಯಾಂಕಿನ ಚಿತ್ರ ಬರೆದು ಅದರ ಮೇಲೆ ಅಂಕಿ ತುಂಬಿ.

ಪ್ರಶ್ನೆ: ಕೆಂಪು ಕಿವಿಯ ಆಮೆ ಹಾಗೂ ಲೆಪರ್ಡ್ ಗೆಕ್ಕೊ ಎಂಬ ಹಲ್ಲಿ ಎರಡಕ್ಕೂ ಒಂದೇ ಅಂಕಿಯೇ? ಊರಿನಲ್ಲಿ ಒಬ್ಬರು ನಕ್ಷತ್ರ ಆಮೆ ಕೊಡುತ್ತೇನೆ ಅಂದಿದ್ದಾರೆ, ಅದಕ್ಕೆಷ್ಟು?
– ಓದುಗರು, ಕೋಲಾರ

ಉತ್ತರ: ನಕ್ಷತ್ರ ಆಮೆಯನ್ನು ತೆಗೆದುಕೊಳ್ಳಬೇಡಿ. ಅದನ್ನು ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯ ಇಲಾಖೆಗೆ ತಿಳಿಸಿ.

ಕೆಂಪು ಕಿವಿಯ ಆಮೆ ಡ್ರ್ಯಾಗನ್ನಿನಂತೆ ಮೂರನೇ ವಲಯದ್ದು. ನೀರಿನಿಂದ ಹತ್ತಿ ಕೂರುವ ಒಣ ಹಲಗೆಯ ಮೇಲೆ, ಚಿಪ್ಪಿನ ಎತ್ತರಕ್ಕೆ ಅಳೆಯಿರಿ. ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿ ಅದರ ಮೇಲೆ ದೀಪ ಇಟ್ಟಿದ್ದರೆ ಒಳಗೆ ಸಿಗುವುದು ಬೆಳಕು ಮಾತ್ರ. ಚಿಪ್ಪು ಮೆತ್ತಗಾಗಲು ಇದೊಂದೇ ಸಾಕು. ಗೆಕ್ಕೊ ಮೊದಲನೇ ವಲಯದ್ದು: ಸರಾಸರಿ 0.7ರ ಒಳಗೆ, ಎಲ್ಲಿಯೂ 1.4 ದಾಟಬಾರದು.

ಪ್ರಶ್ನೆ: ಟ್ಯೂಬನ್ನು ಆರು ತಿಂಗಳಿಗೆ ಬದಲಿಸಲೇಬೇಕೆ?
– ಓದುಗರು, ಶಿವಮೊಗ್ಗ

ಉತ್ತರ: ಮೀಟರ್ ಇದ್ದರೆ ಬೇಕಿಲ್ಲ. ಹೊಸ ಟ್ಯೂಬ್ ಮೊದಲ 100 ಗಂಟೆಗಳಲ್ಲಿ ಬೇಗ ಇಳಿದು ಆಮೇಲೆ ನಿಧಾನವಾಗುತ್ತದೆ. ಹಾಗಾಗಿ 100 ಗಂಟೆಯ ನಂತರದ ಅಂಕಿಯನ್ನೇ ಮೊದಲ ಅಂಕಿ ಎಂದು ಬರೆಯಿರಿ. ಅಲ್ಲಿಂದ ತಿಂಗಳಿಗೊಮ್ಮೆ ಅದೇ ಜಾಗ, ಅದೇ ಎತ್ತರ. ಅಂಕಿ ಇಳಿದಾಗ ಮೊದಲು ದೀಪ ಆರಿಸಿ, ತಣಿದ ಮೇಲೆ ಟ್ಯೂಬ್, ಪ್ರತಿಫಲಕ, ಜಾಲರಿಯ ಧೂಳು ಒರೆಸಿ ಮತ್ತೆ ಅಳೆಯಿರಿ. ಆಗಲೂ ಡ್ರ್ಯಾಗನ್ನಿನ ಕಲ್ಲಿನ ಮೇಲೆ 2.9 ಮುಟ್ಟದಿದ್ದರೆ ಬದಲಿಸಿ. ಹೊಸದನ್ನು ಹಾಕಿದ ದಿನವೇ ತಪ್ಪದೆ ಅಳೆಯಿರಿ: ಹಳೆಯದಕ್ಕೆಂದು ಕಲ್ಲನ್ನು ಎತ್ತರಿಸಿದ್ದರೆ ಹೊಸ ಟ್ಯೂಬಿನ ಕೆಳಗೆ ಅಲ್ಲಿ 8 ಸಿಗಬಹುದು.